ಎರಡೂವರೆ ತಿಂಗಳ ಹಿಂದೆ ಶುರುವಾದದ್ದು

ಹೋದ ವರ್ಷದ ಬೇಸಿಗೆ. ಏಪ್ರಿಲ್ ಎಂದು ನಾನು ಬರೆಯುತ್ತೇನೆ, ಮೇ ಎಂದು ನನ್ನ ಗಂಡ ವಾದಿಸುತ್ತಾರೆ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ನನ್ನ ಪರೀಕ್ಷೆಗಳೆಲ್ಲ ಮುಗಿದು, ದೋಷವಿಲ್ಲ ಎಂದಾದ ಮೇಲೂ ಸಿರುಗುಪ್ಪದ ಅತ್ತೆ ನನ್ನಿಂದಲೇ ಹರಕೆ ಹೊರಿಸುತ್ತಿದ್ದರು. ಕೊನೆಗೆ ಗಂಡ ತಾವಾಗಿಯೇ, "ನಡಿ, ನಂದೂ ನೋಡಲಿ," ಎಂದರು.

ಬಳ್ಳಾರಿಯ ಪಾರ್ವತಿನಗರದ ಒಂದು ಕ್ಲಿನಿಕ್ಕಿನಲ್ಲಿ ವೀರ್ಯ ಪರೀಕ್ಷೆಯಾಯಿತು. ಡಾಕ್ಟರಮ್ಮ, "ವೀರ್ಯಾಣು ಕಡಿಮಿ ಅದಾವ, ಓಡಾಟಾನೂ ಮಂದ. ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಜೀನ್ಸ್ ಪ್ಯಾಂಟ್ ಇಸ್ತ್ರಿ ಮಾಡ್ತೀನ್ರಿ. ದಿನಾ ಬಿಸಿ ಹಬಿ ಮುಂದ ನಿಂತೇ."

"ಮೈಬಿಸಿಗಿಂತ ತುಸು ತಂಪಿದ್ರೇನ ಅವು ಚಲೋ ತಯಾರಾಗೋದು. ಅದಕ್ಕ ಬೀಜ ಮೈಹೊರಗ ಇರೋದು. ಟಗರಿಗೂ ಹಂಗ, ಹೋರಿಗೂ ಹಂಗ."

ಕುರುಗೋಡಿನ ನನ್ನ ತವರಿನಲ್ಲಿ ಕುರಿಗಳಿವೆ. ಗಂಡ ನನ್ನತ್ತ ತಿರುಗಿ, "ನಿಮ್ಮಪ್ಪನ ಟಗರಿನ ಸಾಲಿನಾಗ ನಿಲ್ಲಿಸಿಬಿಟ್ರಲ್ಲ ನನ್ನ!" ಎಂದರು. ನಗಲು ನೋಡಿದರು, ಆಗಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೊದಲಿಗೆ ದುಂಡನೆಯ ಕೋಶ. ಅದು ಒಡೆದು ಒಡೆದು, ತಂದೆಯ ಅರ್ಧ ಪಾಲನ್ನಷ್ಟೇ ಉಳಿಸಿಕೊಂಡು, ಮೈ ಕರಗಿಸಿ, ಬಾಲ ಬೆಳೆಸಿಕೊಳ್ಳುತ್ತದೆ. ಈಜು ಬರುವುದು ಅದಾದ ಮೇಲೆ. ಎಲ್ಲಕ್ಕೂ ಎರಡೂವರೆ ತಿಂಗಳಾದರೂ ಬೇಕು. "ಇವತ್ತು ನೋಡಿದ್ದು ಎರಡೂವರಿ ತಿಂಗಳ ಹಿಂದ ಶುರುವಾಗಿದ್ದು. ಬಿಸಿಯಿಂದ ದೂರ ಇರ್ರಿ, ಬಿಗಿ ಪ್ಯಾಂಟ್ ಬಿಡ್ರಿ. ಮತ್ತ ನೋಡೋಣು."

ಆವಾಗ ಏನಾಗಿತ್ತು? ಆಟೋದಲ್ಲಿ ಕೂತು ಇಬ್ಬರೂ ಕೆದಕಿದೆವು. "ಶಿವರಾತ್ರಿ ಹೊತ್ತಿಗೆ ನಿಮಗ ಜ್ವರ ಬಂದಿತ್ತು," ಎಂದೆ. "ಅದು ಸಂಕ್ರಾಂತಿಗೆ," ಎಂದರು. ಇಂದಿಗೂ ತೀರ್ಮಾನವಾಗಿಲ್ಲ.

ಅವರು ಇಸ್ತ್ರಿ ಬಿಟ್ಟು, ಲುಂಗಿ ಉಟ್ಟು, ಅದೇ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಕೂತರು. ನಾನು ಬುತ್ತಿ ಕೊಡಲು ಹೋಗಿದ್ದ ದಿನ ಜೊತೆಯವನೊಬ್ಬ, "ಏನಲೇ, ಜೀನ್ಸ್ ಬಿಟ್ಟಿ, ಸನ್ಯಾಸ ತಗಂಡಿಯೇನು?" ಎಂದು ಕೆಣಕಿದ.

ಗಂಡ ತಲೆಯೆತ್ತಿ, "ಇಲ್ಲಲೇ. ತೊಂದ್ರಿ ನಂದೈತಿ. ನನಗೊಂದು ಕೂಸು ಬೇಕಾಗೇತಿ," ಎಂದರು.

ಮಷೀನುಗಳೆಲ್ಲ ನಿಂತುಬಿಟ್ಟವು ಎಂದು ನನ್ನ ನೆನಪು. ನಿಂತಿರಲಾರವು.

ಎರಡನೇ ಪರೀಕ್ಷೆಯಲ್ಲಿ ಡಾಕ್ಟರಮ್ಮ ವೀರ್ಯಾಣುಗಳನ್ನು ಪರದೆಯ ಮೇಲೆ ತೋರಿಸಿದರು. ಮೊದಲಿಗಿಂತ ಹೆಚ್ಚಿದ್ದವು, ಚುರುಕಾಗಿದ್ದವು. ಒಂದು ಮಾತ್ರ ಇದ್ದಲ್ಲೇ ಗಿರಗಿರ ಸುತ್ತುತ್ತಿತ್ತು. ಬೆರಳಿನಿಂದ ಮುಂದಕ್ಕೆ ತಳ್ಳಬೇಕೆನಿಸಿತು. ಅಂಥದ್ದೇನೂ ಇರಲಿಲ್ಲ ಎನ್ನುತ್ತಾರೆ ಗಂಡ.

ಮಗು ಇನ್ನೂ ಬಂದಿಲ್ಲ. ಆದರೆ ಅಂದಿನಿಂದ ಯಾವ ದಿನವೂ ನನಗೆ ಬರಿದಾಗಿ ಕಾಣುವುದಿಲ್ಲ. ಇವತ್ತು ಬೆಳಿಗ್ಗೆ ಅವರು ಕಟ್ಟೆಯ ಮೇಲೆ ಸುಮ್ಮನೆ ಕೂತು ಚಹಾ ಕುಡಿಯುತ್ತಿದ್ದಾಗ, ಅವರೊಳಗೆಲ್ಲೋ ದುಂಡನೆಯ ಕೋಶವೊಂದು ಒಡೆಯತೊಡಗಿರಬಹುದು. ಅದರ ದಾರಿ ಉದ್ದ. ನಾನೂ ಹೋಗಿ ಅವರ ಪಕ್ಕದಲ್ಲಿ ಕೂತೆ.