ಟಿರೆಲ್ ಡಾಕ್ಟರೂ ತೊಳೆದ ಕಲ್ಲೂ

ನಮ್ಮ ಕಿಲ್‌ವರ್ನದ ಕಡಲ ಸೀಮೆಯಲ್ಲಿ ಯಾರಾದರೂ ವಯಸ್ಸಾಗಿ ಮಂಚದ ಮೇಲೆ ಸತ್ತರೆ ಪಾದ್ರಿಗಳು ಬರುತ್ತಿದ್ದರು. ಬೇರೆ ಯಾವ ರೀತಿಯಲ್ಲಿ ಸತ್ತರೂ ಪಾದ್ರಿಗಳ ಬೆನ್ನಿಗೇ ಟಿರೆಲ್ ಡಾಕ್ಟರು ಬರುತ್ತಿದ್ದರು. ಕಾರ್ಮಕ್ ಟಿರೆಲ್ ನಮ್ಮ ಜಿಲ್ಲೆಯ ಕೊರೋನರ್. ಬಿದ್ದು, ಮುಳುಗಿ, ಏಟು ತಿಂದು ಸತ್ತವನು ಹೇಗೆ ಸತ್ತ ಎಂದು ಊರಿನ ಪಂಚರನ್ನು ಕೂರಿಸಿಕೊಂಡು ತೀರ್ಮಾನಿಸುವ ಅಧಿಕಾರ ಅವರದು. ಆ ಪಂಚರಲ್ಲಿ ನಾನೂ ಒಬ್ಬನಾಗಿರುತ್ತಿದ್ದೆ. ಕುಲುಮೆಯವನಾದ್ದರಿಂದ ದೊಡ್ಡ ದನಿ ನನ್ನದು, ಹಾಗಾಗಿ ಬಹಳ ಸಲ ಮುಖಂಡನ ಕುರ್ಚಿಯೂ ನನಗೇ ಸಿಕ್ಕುತ್ತಿತ್ತು.

ಸಾವಿನ ಅಧಿಕಾರಿ ಎಂದ ಕೂಡಲೇ ಹುಬ್ಬು ಗಂಟಿಕ್ಕಿದ ಯಮದೂತನೊಬ್ಬ ಕಣ್ಣ ಮುಂದೆ ಬಂದಾನು. ಅದನ್ನು ಮೊದಲು ತೆಗೆದುಹಾಕಿ. ಟಿರೆಲ್ ಡಾಕ್ಟರದು ಆಗತಾನೇ ಬೇಯಿಸಿದ ರೊಟ್ಟಿಯಂಥ ದುಂಡು ಮುಖ. ಅವರ ಕಾರು ಗುಡ್ಡದ ಆಚೆ ಇರುವಾಗಲೇ ಅವರ ಹಾಡು ಈಚೆಗೆ ಕೇಳಿಸುತ್ತಿತ್ತು. ಶ್ರುತಿ ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಗಿರುತ್ತಿತ್ತು. ಸಾವಿನ ಮನೆಯ ಬಾಗಿಲಲ್ಲಿ ಹಾಡು ನಿಲ್ಲಿಸಿ, ಟೋಪಿ ತೆಗೆದು, ಒಳಗೆ ಹೋಗಿ, ಎಲ್ಲರಿಗಿಂತ ಮೊದಲು ಹೆಣದ ಕೈ ಕುಲುಕುತ್ತಿದ್ದರು. ಆಮೇಲೆ ಹೆಸರು ಹಿಡಿದು ಕೇಳುತ್ತಿದ್ದರು: "ಏನಪ್ಪಾ, ಏನ್ ಮಾಡ್ತಿದ್ದೆ?"

"ಹೇಗೆ ಸತ್ತ ಅಂತ ಕೇಳಿದ್ರೆ ಊರೆಲ್ಲಾ ಸುಳ್ಳು ಹೇಳುತ್ತೆ. ಏನ್ ಮಾಡ್ತಿದ್ದ ಅಂತ ಕೇಳಿ. ಸತ್ತೋನು ಯಾವುದೋ ಒಂದು ಕೆಲಸದ ನಡುವೆ ಇರ್ತಾನೆ. ಆ ಕೆಲಸ ಸಿಕ್ಕಿದ್ರೆ ಸಾವೂ ಸಿಕ್ತು" ಎನ್ನುವುದು ಅವರ ಮಾತು.

ಒಮ್ಮೆ ಗುಡ್ಡದ ಮೇಲಿನ ರೈತನೊಬ್ಬ ಪಕ್ಕೆಲುಬು ಮುರಿದು ಅಂಗಳದಲ್ಲಿ ಸತ್ತಿದ್ದ. ಜಗಳಗಂಟಿ ಹೆಂಡತಿಯೇ ಬಡಿದು ಕೊಂದಳೆಂದು ಊರು ಪಿಸುಗುಟ್ಟಿತು. ಡಾಕ್ಟರು ಅವನ ಸೊಂಟದ ಪಟ್ಟಿಯ ಕೊಂಡಿಯಲ್ಲಿ ಸಿಕ್ಕಿಕೊಂಡಿದ್ದ ಉಣ್ಣೆ ಹಿಡಿದುಕೊಂಡು ಹೋಗಿ, ಮನೆಯ ಟಗರನ್ನೇ ಪಬ್ಬಿನಲ್ಲಿ ನಡೆಯುತ್ತಿದ್ದ ವಿಚಾರಣೆಗೆ ಎಳೆದು ತಂದರು. ಆ ಟಗರು ಅವರನ್ನೇ ಪಬ್ಬಿನ ಹಿತ್ತಲಲ್ಲಿ ಎರಡು ಸುತ್ತು ಓಡಿಸಿತು. "ಇದಕ್ಕಿಂತ ಸಾಕ್ಷಿ ಬೇಕಾ?" ಎಂದು ಗೋಡೆ ಹತ್ತಿ ಕೂತು ಅವರು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಎಷ್ಟೋ ದಿನಗಳ ಮೇಲೆ ಆ ವಿಧವೆ ಅಂದು ನಕ್ಕಳು.

ಆದರೆ ಟಿರೆಲ್ ಡಾಕ್ಟರೆಂದರೆ ನಮ್ಮೂರಿಗೆ ನೆನಪಾಗುವುದು ಬಾರ್ಟ್ಲಿ ಫೋಲನ್‌ನ ಸಾವಿನ ವಿಚಾರಣೆ.

ಬಾರ್ಟ್ಲಿ ಮನೆಗಳಿಗೆ ಹುಲ್ಲಿನ ಮಾಡು ಹೊದಿಸುವವನು. ಸುತ್ತಮುತ್ತ ಅಂಥ ಕೈ ಇನ್ನೊಂದಿರಲಿಲ್ಲ. ಅವನಿಗೂ ಕೋಲಮ್ ನಾಟನ್‌ಗೂ ಹಾವು ಮುಂಗುಸಿಯ ಹಗೆ. ಆಲೂಗಡ್ಡೆ ಹೊಲಕ್ಕೆ ಗೊಬ್ಬರವಾಗುವ ಕಡಲಪಾಚಿ ಕೊಯ್ಯುವ ದಡದ ಒಂದು ತುಂಡಿಗಾಗಿ ಶುರುವಾದ ಜಗಳ. ಮಾತು ಬಿಟ್ಟು ಒಂದು ತಲೆಮಾರೇ ಬೆಳೆದಿತ್ತು. ಆ ಬೆಳೆದ ತಲೆಮಾರು ಮಾಡಿದ್ದೇನು? ಬಾರ್ಟ್ಲಿಯ ಮಗ ಫೆಸ್ಟಿ, ಕೋಲಮ್‌ನ ಮಗಳು ಸಬೈನಾಳನ್ನು ಮೆಚ್ಚಿ ಕೂತ. ಮದುವೆ ಗೊತ್ತಾಗಿದೆಯೆಂದು ಇಗರ್ಜಿಯಲ್ಲಿ ಇಬ್ಬರ ಹೆಸರೂ ಓದಿ ಆಗಿತ್ತು. ಪದ್ಧತಿಯಂತೆ ಮದುವೆಯೂಟ ಹೆಣ್ಣಿನ ಮನೆಯಲ್ಲಿ. ಅಪ್ಪಂದಿರು ಮಾತ್ರ ಗೂಳಿಗಳಂತೆ ನಿಂತಿದ್ದರು. ಸಾವಿನ ಹಿಂದಿನ ಸಂಜೆ ಪಬ್ಬಿನಲ್ಲಿ ಬಾರ್ಟ್ಲಿ ಎಲ್ಲರೆದುರು ಅಂದ: "ನಿನ್ನ ಮನೇಲಿ ಊಟಕ್ಕೆ ಕೂತ್ರೆ ಸಾರಿಗಿಂತ ಮಳೆನೀರೇ ಜಾಸ್ತಿ ತಟ್ಟೇಲಿ!"

ಕೋಲಮ್‌ನ ಮಾಡು ಸೋರುತ್ತಿದ್ದುದು ನಿಜ. ಬಾರ್ಟ್ಲಿಯನ್ನು ಕರೆಯಲಾರ, ಬೇರೆಯವನು ಸಿಗಲಾರ. ಅವನು ಲೋಟ ಕುಕ್ಕಿ ಎದ್ದ: "ನನ್ನ ಅಂಗಳಕ್ಕೆ ಕಾಲಿಟ್ಟು ನೋಡು, ತಲೆ ಒಡೆದುಹಾಕ್ತೀನಿ!"

ಮರುದಿನ ಬಾರ್ಟ್ಲಿ ಸತ್ತಿದ್ದ. ತಲೆ ಒಡೆದಿತ್ತು.

ಫೆಸ್ಟಿ ಬೆಳಗಿನ ಜಾವವೇ ಏಡಿ ಹಿಡಿಯಲು ಕಡಲಿಗೆ ಹೋಗಿದ್ದ. ಮರಳಿ ಬಂದಾಗ ಅಪ್ಪ ಮಂಚದ ಮೇಲೆ ಮಡಿಯಾಗಿ, ಗಡ್ಡ ಹೆರೆಸಿಕೊಂಡು, ಕೈಯಲ್ಲಿ ಜಪಸರ ಹಿಡಿದು ಮಲಗಿದ್ದ. ಇಕ್ಕೆಲದಲ್ಲಿ ಡೀಲಿಯಾ ಮತ್ತು ಹನೋರಾ ಮ್ಯಾನಿಯನ್ ಕೂತಿದ್ದರು. ನಮ್ಮೂರಿನಲ್ಲಿ ಯಾರೇ ಸತ್ತರೂ ತೊಳೆದು, ಬಟ್ಟೆ ಉಡಿಸಿ ಮಲಗಿಸುವವರು ಈ ಮದುವೆಯಾಗದ ಅಕ್ಕತಂಗಿಯರೇ. ಸಬೈನಾಳನ್ನು ಚಿಕ್ಕಂದಿನಿಂದ ಎತ್ತಿ ಆಡಿಸಿದವರೂ ಅವರೇ. "ಹಾಲು ಕೊಡೋಕೆ ಬಂದ್ವಿ, ಹೀಗೇ ಹಾಸಿಗೇಲಿ ಹೋಗಿಬಿಟ್ಟಿದ್ದ" ಎಂದರು.

ಸಾರ್ಜೆಂಟ್ ಡೆವಿಟ್ ಬಂದು, ಗಾಯ ನೋಡಿ, ಪಬ್ಬಿನ ಜಗಳ ಕೇಳಿ, ಲೆಕ್ಕ ಕೂಡಿಸಿಬಿಟ್ಟ. ಕೋಲಮ್ ಅಂದು ಮನೆಮಂದಿಯೊಡನೆ ದನದ ಸಂತೆಗೆ ಹೋಗಿ, ಒಬ್ಬನೇ ಬೇಗ ಮರಳಿದ್ದ. ಎಲ್ಲಿದ್ದೆ ಎಂದರೆ ಒಲೆ ಮುಂದೆ ಎಂದ. ಸಾಕ್ಷಿ ಯಾರು ಎಂದರೆ ಬೆಕ್ಕು ಎಂದ. ವಿಚಾರಣೆ ಮುಗಿದ ಕೂಡಲೇ ಅವನನ್ನು ಹಿಡಿಯುವುದೆಂದು ಊರಿಗೆಲ್ಲ ಗೊತ್ತಾಯಿತು. ಅಪ್ಪನನ್ನು ಕೊಂದವನ ಮಗಳಿಗೆ ಉಂಗುರ ತೊಡಿಸುವುದು ಹೇಗೆ? ಸಬೈನಾ ಹೆಣ ನೋಡಲು ಬಂದವಳು ಒಳಗೆ ಬರುವ ಧೈರ್ಯವಿಲ್ಲದೆ ಹೊಸಿಲಲ್ಲೇ ನಿಂತಳು.

ಅಂದು ಸಂಜೆ ಟಿರೆಲ್ ಡಾಕ್ಟರು ಬಂದರು. ಟೋಪಿ ತೆಗೆದರು. ಹೆಣದ ಕೈ ಕುಲುಕಿದರು.

"ಏನಪ್ಪಾ ಬಾರ್ಟ್ಲಿ, ಏನ್ ಮಾಡ್ತಿದ್ದೆ?"

"ಮಲಗಿದ್ದ ಡಾಕ್ಟ್ರೇ, ಇನ್ನೇನ್ ಮಾಡ್ತಾನೆ!" ಎಂದಳು ಡೀಲಿಯಾ, ಸ್ವಲ್ಪ ಆತುರದಲ್ಲೇ.

"ನಿಮ್ಮನ್ನಲ್ಲ ಡೀಲಿಯಕ್ಕ, ಅವನನ್ನ ಕೇಳಿದ್ದು."

ಹೆಣ ಕಾಯಲು ಬಂದು ಕೂತವರೆಲ್ಲ ಚಹಾದ ಲೋಟದೊಳಗೆ ನಕ್ಕರು. ಡಾಕ್ಟರು ಹೆಣದ ತಲೆ, ಕಿವಿ, ಉಗುರು ಎಲ್ಲ ನೋಡುತ್ತ ಹೋದರು. "ಅಬ್ಬಬ್ಬಾ, ಎಷ್ಟು ಚೊಕ್ಕ! ನನ್ನ ಮದುವೆ ದಿನ ಕೂಡ ನಾನಿಷ್ಟು ಚೊಕ್ಕವಾಗಿರಲಿಲ್ಲ."

ಹನೋರಾ ಹಿಗ್ಗಿದಳು. "ಕಿವಿ ಹಿಂದೆ ಕೂಡ ಉಜ್ಜಿದೀವಿ ಡಾಕ್ಟ್ರೇ. ಬೇರೆ ಊರೋರು ಅದೆಲ್ಲ ಮಾಡಲ್ಲ."

"ಬಾಯಿ ತೊಳೆದ್ರಾ?"

"ಬಾಯಿ ಯಾಕೆ ಬಿಡಿಸ್ತಾರೆ? ಮೊದಲು ಗಲ್ಲ ಕಟ್ಟೋದು, ಆಮೇಲೆ ಮಿಕ್ಕಿದ್ದು. ನಮ್ಮ ಅಮ್ಮನೂ ಹಾಗೇ ಮಾಡ್ತಿದ್ಲು."

ಡಾಕ್ಟರು ಗಲ್ಲಕ್ಕೆ ಕಟ್ಟಿದ್ದ ಬಟ್ಟೆ ಸಡಿಲಿಸಿ, ತುಟಿಯ ಒಂದು ಬದಿ ಎತ್ತಿ, ಕೆನ್ನೆಗೂ ಹಲ್ಲಿಗೂ ನಡುವಿನಿಂದ ಏನನ್ನೋ ಎಳೆದರು. ಹಸಿರು ಸಿಪ್ಪೆ ಅಂಟಿದ್ದ ಒಂದು ಕಡ್ಡಿಯ ಚೂರು. ಮಾಡಿಗೆ ಹೊಸ ಹುಲ್ಲು ಹಾಸಿದಾಗ ಅದು ಜಾರದಂತೆ ಬಗ್ಗಿಸಿ ಚುಚ್ಚುವ ಕಡ್ಡಿ ಅದು. ಎರಡೂ ಕೈಯಲ್ಲಿ ಕೆಲಸವಿದ್ದಾಗ ಬಾರ್ಟ್ಲಿ ಅಂಥ ಕಡ್ಡಿಗಳನ್ನು ಹಲ್ಲಿನಲ್ಲೇ ಕಚ್ಚಿಕೊಳ್ಳುತ್ತಿದ್ದ. ಊರಿನಲ್ಲಿ ಅದನ್ನು ನೋಡದವರಿಲ್ಲ.

"ಹಾಸಿಗೇಲಿ ಮಲಗಿ ಕಡ್ಡಿ ಕಚ್ತಾ ಇದ್ನಾ?" ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ಅಕ್ಕತಂಗಿಯರು ಜಪಸರ ಎಣಿಸತೊಡಗಿದರು. "ಫೆಸ್ಟಿ, ಅಪ್ಪ ಯಾರ ಮಾಡಿನ ಕೆಲಸ ಹಿಡಿದಿದ್ದ?"

"ಯಾರದೂ ಇಲ್ಲ. ಕಡ್ಡಿ ಏನೋ ಸೀಳಿ ಇಟ್ಟಿದ್ದ. ಯಾರಿಗಪ್ಪಾ ಅಂದ್ರೆ, ನಿನ್ನ ಕೆಲಸ ನೋಡ್ಕೋ ಅಂದ."

ಮರುದಿನ ಬೆಳಿಗ್ಗೆ ಪಂಚರಾದ ನಾವು ಪಬ್ಬಿನಲ್ಲಿ ಸೇರಿ, ಆ ಕಾಲದ ಪದ್ಧತಿಯಂತೆ ಹೋಗಿ ಹೆಣ ನೋಡಿ ಬಂದೆವು. ಇನ್ನು ಕೂತು ಸಾಕ್ಷಿ ಕೇಳಬೇಕು. ಟಿರೆಲ್ ಡಾಕ್ಟರು ಕೂರಲಿಲ್ಲ.

"ಏಳ್ರಪ್ಪಾ, ಊರು ಸುತ್ತೋಣ. ನೆಲ ನೋಡ್ಬೇಡಿ, ಮಾಡು ನೋಡಿ."

"ಸತ್ತೋನು ಇಲ್ಲಿದಾನೆ, ನೀವು ಆಕಾಶ ನೋಡ್ತೀರಲ್ಲ ಡಾಕ್ಟ್ರೇ!" ಎಂದ ಸಾರ್ಜೆಂಟ್.

"ನಿನ್ನ ಟೋಪಿ ಹಿಂದಕ್ಕೆ ತಳ್ಳು ಡೆವಿಟ್, ನಿನಗೂ ಕಾಣುತ್ತೆ."

ಕೊರೋನರ್ ಮುಂದೆ, ಪಂಚರು ಹಿಂದೆ, ಪಂಚರ ಹಿಂದೆ ಊರು. ಎಲ್ಲರದೂ ಕತ್ತು ಮೇಲಕ್ಕೆ. ಕೊಚ್ಚೆಗೆ ಕಾಲಿಟ್ಟವರೆಷ್ಟೋ. ಹೆಂಗಸರು ಬಾಗಿಲಿಗೆ ಬಂದು, "ಈ ಸಲ ಹೊದಿಸ್ಬೇಕು ಅಂತಲೇ ಇದ್ವಿ ಡಾಕ್ಟ್ರೇ" ಎಂದು ಕೇಳದಿದ್ದರೂ ಸಮಜಾಯಿಷಿ ಕೊಟ್ಟರು. ಕೊನೆಗೆ ಕೋಲಮ್‌ನ ಮನೆಯ ಹಿಂಬದಿಗೆ ಬಂದೆವು. ಗುಡ್ಡಕ್ಕೆ ಮುಖ ಮಾಡಿದ ಆ ಇಳಿಜಾರನ್ನು ಯಾರೂ ನೋಡುವುದಿಲ್ಲ. ಕೊಳೆತು ಕಪ್ಪಾಗಿದ್ದ ಆ ಮಾಡಿನ ನಡುವೆ ಬೆಣ್ಣೆ ಸವರಿದಂತೆ ಹಳದಿಯಾಗಿ ಹೊಸ ಹುಲ್ಲಿನ ತೇಪೆ. ಅರ್ಧ ಮುಗಿದಿತ್ತು. ಅದರ ಕೆಳಗಿದ್ದದ್ದು ಮದುವೆಯೂಟಕ್ಕೆ ಸುಣ್ಣ ಬಳಿದಿಟ್ಟಿದ್ದ ಕೋಣೆ.

ಕೋಲಮ್ ಬಾಯಿ ತೆರೆದವನು ಮುಚ್ಚಲಿಲ್ಲ. "ನನ್ನ ಮಾಡು... ಇದು ಬಾರ್ಟ್ಲಿ ಕೈ."

"ಹಾಗನ್ನು!" ಎಂದು ಸಾರ್ಜೆಂಟ್ ಮುಂದೆ ನುಗ್ಗಿದ. "ನಿನ್ನ ಮಾಡಿನ ಮೇಲೆ ಅವನನ್ನ ಕಂಡೆ, ಹೇಳಿದ ಹಾಗೇ ತಲೆ ಒಡೆದೆ. ಆಮೇಲೆ ಹೊತ್ಕೊಂಡು ಹೋಗಿ ಮಲಗಿಸಿದೆ."

ಸಬೈನಾ ಗೋಡೆಗೆ ಆತುಕೊಂಡಳು. ಫೆಸ್ಟಿ ಅವಳ ಕಡೆ ಒಂದು ಹೆಜ್ಜೆ ಇಟ್ಟು, ನಿಂತ. ತೇಪೆ ಸಿಕ್ಕದಿದ್ದರೇ ಚೆನ್ನಾಗಿತ್ತೇನೋ ಎಂದು ನನಗೂ ಅನ್ನಿಸಿತು.

ಡಾಕ್ಟರು ಮಾತ್ರ ಗೋಡೆ ನೋಡುತ್ತಿದ್ದರು. ನಮ್ಮ ಕಡೆ ಬಿರುಗಾಳಿಗೆ ಮಾಡು ಹಾರದಂತೆ ಅದರ ಮೇಲೆ ಹಗ್ಗ ಹಾಯಿಸಿ, ಗೋಡೆಯಿಂದ ಹೊರಚಾಚಿದ ಗೂಟಗಲ್ಲುಗಳಿಗೆ ಬಿಗಿಯುತ್ತೇವೆ. ಸಾಲಾಗಿದ್ದ ಆ ಕಲ್ಲುಗಳ ಮೇಲೆಲ್ಲ ಅಜ್ಜಂದಿರ ಕಾಲದ ಹಸಿರು ಪಾಚಿ. ತೇಪೆಯ ನೇರ ಕೆಳಗಿದ್ದ ಒಂದೇ ಒಂದು ಕಲ್ಲು ಮಾತ್ರ ಮೊಟ್ಟೆಯಂತೆ ಬೆಳ್ಳಗೆ ಹೊಳೆಯುತ್ತಿತ್ತು.

ಡಾಕ್ಟರು ಅದನ್ನು ಬೆರಳಿನಿಂದ ಸವರಿ, ಮೂಸಿ ನೋಡಿದರು. "ಸೋಪು." ತಿರುಗಿ ನಿಂತರು. "ಈ ಊರಲ್ಲಿ ಗೋಡೆ ಕಲ್ಲಿಗೂ ಸ್ನಾನ ಮಾಡಿಸೋರು ಯಾರಪ್ಪಾ?"

ಊರಿಗೆ ಊರೇ ತಲೆ ತಿರುಗಿಸಿ ಮ್ಯಾನಿಯನ್ ಅಕ್ಕತಂಗಿಯರನ್ನು ನೋಡಿತು.

"ರಕ್ತ ಮೆತ್ತಿದ ಕಲ್ಲನ್ನ ಹಾಗೇ ಬಿಟ್ಟು ಬರೋಕೆ ನಾವೇನು ಕೊಳಕು ಹೆಂಗಸ್ರಾ?" ಎಂದು ಹನೋರಾ ಸಿಡಿದಳು.

"ಮುಚ್ಚೇ ಬಾಯಿ!" ಎಂದಳು ಡೀಲಿಯಾ. ತಡವಾಗಿತ್ತು.

ಆಮೇಲೆ ಇಬ್ಬರೂ ಒಟ್ಟಿಗೇ ಅತ್ತು, ಒಟ್ಟಿಗೇ ಹೇಳಿದರು. ಹಾಲು ತರುವಾಗ ಕೋಲಮ್‌ನ ಈ ಹಿತ್ತಲಲ್ಲಿ ಏಣಿ ಬಿದ್ದಿತ್ತು, ಪಕ್ಕದಲ್ಲಿ ಬಾರ್ಟ್ಲಿ ಬಿದ್ದಿದ್ದ. ಹಿಂದಿನ ಸಂಜೆಯ ಮಾತು ನೆನಪಾಯಿತು. ಕೋಲಮ್ ಸಂತೆಯಿಂದ ಬಂದು ಏಣಿ ಎಳೆದಿರಬೇಕು ಎಂದುಕೊಂಡರು. ಹೆಣ ಇಲ್ಲಿ ಸಿಕ್ಕರೆ ಕೋಲಮ್‌ಗೆ ಗಲ್ಲು, ಸಬೈನಾಳ ಬಾಳು ಮಣ್ಣು. ಅಲ್ಲದೆ ಹಗೆಯವನ ಹಿತ್ತಲಲ್ಲಿ ಅಂಗಾತ ಬಿದ್ದಿರುವುದು ಒಬ್ಬ ಮನುಷ್ಯನಿಗೆ ಮರ್ಯಾದೆಯೇ? ಕತ್ತೆಗಾಡಿಯಲ್ಲಿ ಅವನನ್ನು ಹೇರಿ, ಮೇಲೆ ಹುಲ್ಲು ಮುಚ್ಚಿ, ಅವನ ಮನೆಗೆ ಒಯ್ದು ತೊಳೆದರು. ಏಣಿಯನ್ನು ಕೊಟ್ಟಿಗೆಯಲ್ಲಿಟ್ಟರು. ಕಲ್ಲನ್ನೂ ತೊಳೆದರು.

"ಕೋಲಮ್‌ನ ಉಳಿಸೋಕೆ ಇಷ್ಟೆಲ್ಲಾ!" ಎಂದರು ಡಾಕ್ಟರು. "ನಿಮ್ಮ ಚೊಕ್ಕತನವೇ ಅವನ ಕೊರಳಿಗೆ ಬರ್ತಿತ್ತಲ್ರವ್ವಾ! ಮುಖಂಡರೇ, ಮೇಲೆ ಹತ್ತಿ. ಕಂಡದ್ದನ್ನ ಕೂಗಿ ಹೇಳಿ."

ನಾನು ಏಣಿ ಹತ್ತಿದೆ. ಕೂಗಿದೆ. ತೇಪೆಯ ಅಂಚಿನಲ್ಲಿ ಹಿಡಿಯಲು ಇದ್ದ ಹಳೆಯ ಹಗ್ಗ ಲಡ್ಡಾಗಿ ತುಂಡಾಗಿತ್ತು. ಅಲ್ಲಿಂದ ಕೆಳಕ್ಕೆ, ಮಕ್ಕಳ ಜಾರುಬಂಡೆಯಂತೆ, ಕೊಳೆತ ಹುಲ್ಲಿನಲ್ಲಿ ಎರಡು ಹಿಮ್ಮಡಿಗಳ ಗೀರು. ಗೀರು ಮುಗಿದಲ್ಲಿ ಏಣಿಯ ತುದಿ ತಾಗಿದ್ದ ಗುರುತು, ಅದರ ಕೆಳಗೆ ಆ ಬೆಳ್ಳಗಿನ ಕಲ್ಲು. ಕಾಲು ತಾಗಿ ಏಣಿ ಉರುಳಿತ್ತು, ತಲೆ ಕಲ್ಲಿಗೆ ಬಡಿದಿತ್ತು. ಕಲ್ಲಿನ ಮೂಲೆಯನ್ನೂ ಗಾಯವನ್ನೂ ಅಳೆದು ನೋಡಿ ಡಾಕ್ಟರು ತಲೆಯಾಡಿಸಿದರು.

"ಇನ್ನೇನಾದ್ರೂ ಇದೆಯಾ?"

"ಹೊಗೆಗೂಡಿನ ಸಂದೀಲಿ ಅವನ ಪೈಪಿದೆ ಡಾಕ್ಟ್ರೇ. ತಂಬಾಕು ತುಂಬಿಟ್ಟಿದಾನೆ. ಹಚ್ಚಿಲ್ಲ."

"ಕೆಲಸ ಮುಗಿದ ಮೇಲೆ ಸೇದೋಕೆ" ಎಂದ ಫೆಸ್ಟಿ. "ಅಪ್ಪ ಯಾವಾಗ್ಲೂ ಹಾಗೇ." ಈಗ ಅವನು ಸಬೈನಾಳ ಪಕ್ಕದಲ್ಲಿದ್ದ. ಎಷ್ಟು ಹೆಜ್ಜೆ ಇಟ್ಟನೋ, ಯಾರೂ ನೋಡಲಿಲ್ಲ.

ಕೋಲಮ್ ಮಾಡನ್ನೇ ನೋಡುತ್ತ ಅಂದ: "ನಾಯಿ ನನ್ಮಗ. ನಾವೆಲ್ಲ ಸಂತೆಗೆ ಹೋಗೋದನ್ನೇ ಕಾದಿದಾನೆ. ಒಂದು ಮಾತು ಹೇಳಿದ್ರೆ ಏಣಿ ಹಿಡ್ಕೋತಿದ್ದೆ ನಾನು." ಆ ಬೈಗುಳ ಹೇಳುವಾಗ ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

ಪಬ್ಬಿಗೆ ಮರಳಿ ನಾವು ತೀರ್ಪು ಕೊಟ್ಟೆವು: ಕೆಲಸದಲ್ಲಿದ್ದಾಗ ಕಾಲು ಜಾರಿ ಆದ ಸಾವು, ಯಾರ ತಪ್ಪೂ ಇಲ್ಲ. ತೀರ್ಪಿನ ಕೆಳಗೆ ಒಂದು ಸಲಹೆ ಸೇರಿಸುವ ಹಕ್ಕು ಪಂಚರಿಗುಂಟು. ನಾನು ಸೇರಿಸಿದೆ: "ಮಾಡಿನ ಉಳಿದ ಅರ್ಧ ಮದುವೆಗೆ ಮುಂಚೆ ಮುಗಿಯತಕ್ಕದ್ದು." ಸಾರ್ಜೆಂಟ್ ಇದು ಕಾನೂನಿನಲ್ಲಿದೆಯೇ ಎಂದ. "ಈಗ ಬಂತು" ಎಂದು ಡಾಕ್ಟರು ಸಹಿ ಹಾಕಿದರು.

ಶೋಕದ ದಿನಗಳು ಕಳೆದ ಮೇಲೆ ಫೆಸ್ಟಿ ಅಪ್ಪನ ತೇಪೆ ನಿಂತಲ್ಲಿಂದ ಹಿಡಿದು ಮಾಡು ಮುಗಿಸಿದ. ಏಣಿ ಹಿಡಿದು ಕೆಳಗೆ ನಿಂತವನು ಕೋಲಮ್. ಊಟಕ್ಕೆ ಕರೆದರೂ ಏಣಿ ಬಿಡಲಿಲ್ಲ. ದಡದ ಆ ತುಂಡಿನ ಪಾಚಿಯನ್ನು ಆ ವರ್ಷದಿಂದ ಮಾವ ಅಳಿಯ ಒಂದೇ ಗಾಡಿಗೆ ತುಂಬಿದರು.

ಮದುವೆಯೂಟಕ್ಕೆ ಮೊದಲ ಕರೆ ಹೋದದ್ದು ಟಿರೆಲ್ ಡಾಕ್ಟರಿಗೆ. ಹಂದಿಮಾಂಸ, ಎಲೆಕೋಸು, ಒಣದ್ರಾಕ್ಷಿಯ ಕೇಕು ಎಲ್ಲಕ್ಕೂ ನ್ಯಾಯ ಸಲ್ಲಿಸಿ, ಡೀಲಿಯಾಳ ಕೈ ಹಿಡಿದು ಕುಣಿತಕ್ಕೆ ಎಳೆದರು. ನೆಲ ಗುಡುಗಿತು.

"ಡಾಕ್ಟ್ರೇ, ನೀವು ಹೋದಾಗ ನಿಮ್ಮನ್ನೂ ನಾವೇ ತೊಳೀತೀವಿ" ಎಂದಳು ಡೀಲಿಯಾ ಏದುಸಿರು ಬಿಡುತ್ತ.

"ತೊಳೀರಿ ತಾಯಿ, ಕಿವಿ ಹಿಂದೆ ಕೂಡ! ಆದ್ರೆ ಮೊದಲು ಯಾರಾದ್ರೂ ಒಬ್ರು ನನ್ನ ನೋಡ್ಲಿ!"

ಅಷ್ಟರಲ್ಲಿ ಕಡಲ ಕಡೆಯಿಂದ ಮಳೆ ಬಂತು. ಪಿಟೀಲು ನಿಂತಿತು. ಆ ಕೋಣೆಯಲ್ಲಿ ಮಳೆ ಬಂದರೆ ತಟ್ಟೆ ಎತ್ತಿಕೊಂಡು ಓಡುವುದು ನಮಗೆಲ್ಲ ರೂಢಿ. ಎಲ್ಲರೂ ತಟ್ಟೆಗೆ ಕೈ ಹಾಕಿ, ಮೇಲೆ ನೋಡುತ್ತ ಕೂತೆವು. ಒಂದು ಹನಿಯೂ ಬೀಳಲಿಲ್ಲ. ಕೋಲಮ್ ಎದ್ದ. ಒಂದು ಖಾಲಿ ಕುರ್ಚಿ ಎಳೆದು ಬಾರ್ಟ್ಲಿಯ ತೇಪೆಯ ನೇರ ಕೆಳಗೆ ಇಟ್ಟ. ಅದರ ಮುಂದೆ ತುಂಬಿದ ತಟ್ಟೆ ಇಟ್ಟು, ಜೇಬಿನಿಂದ ಆ ಪೈಪು ತೆಗೆದು, ಹಚ್ಚಿ, ತಟ್ಟೆಯ ಅಂಚಿಗೆ ಒರಗಿಸಿದ.

"ನೋಡು" ಎಂದ ಮೇಲೆ ನೋಡಿ, ಬೇಕೆಂದೇ ದೊಡ್ಡ ದನಿಯಲ್ಲಿ. "ನನ್ನ ಮನೆ ತಟ್ಟೇಲಿ ಎಲ್ಲಯ್ಯಾ ನೀರು?"

ಟಿರೆಲ್ ಡಾಕ್ಟರು ಪಿಟೀಲಿನವನಿಗೆ ಕಣ್ಣು ಹೊಡೆದರು. ಹೊಗೆ ನೆಟ್ಟಗೆ ಹೊಸ ಮಾಡಿನತ್ತ ಏರಿತು, ಕುಣಿತ ಮತ್ತೆ ಶುರುವಾಯಿತು.