ಪಕ್ಕದ ಮನೆಯವರ ಹಾಡು

ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯಾಕೆ, ಗಂಡ ಕಾರ್ಖಾನೆಗೆ ಹೋದ ಮೇಲೆ ಮಾತ್ರ ಹಾಡುತ್ತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಕಣ್ಣು ಮುಚ್ಚಿ ಹಾಡುವರು. ಅಮ್ಮ ಹೊಗಳಿದರೆ, "ಅವರಿಗೆ ಹಿಡಿಸಲ್ಲ ಮಾರಾಯ್ತಿ" ಎಂದು ನಿಲ್ಲಿಸಿಬಿಡುವರು.

ಅರವತ್ತರ ದಶಕದ ಒಂದು ಗಣೇಶೋತ್ಸವದಲ್ಲಿ ಅಮ್ಮ ಅವರನ್ನು ಒತ್ತಾಯದಿಂದ ಮೈಕಿನ ಮುಂದೆ ನಿಲ್ಲಿಸಿದರು. ಮೊದಲ ನುಡಿಗೇ ಬೀದಿಯ ಗದ್ದಲ ಅಡಗಿತು. ಅಷ್ಟರಲ್ಲಿ ಚಪ್ಪರದ ಕೊನೆಯಲ್ಲಿ ನಿಂತಿದ್ದ ಗಂಡ ಅವರ ಕಣ್ಣಿಗೆ ಬಿದ್ದರು. ಆಕೆ ಹಾಡನ್ನು ಅಲ್ಲಿಗೇ ಬಿಟ್ಟು ಮನೆಗೆ ನಡೆದರು.

ಮರುದಿನ ಆಕೆಯ ಗಂಡ ಅಮ್ಮನ ಬಳಿ ಬಂದರು. "ಮದುವೆಯಾದ ಹೊಸದ್ರಲ್ಲಿ ಹಾಡಬೇಡ ಅಂದಿದ್ದು ನಿಜ ಅಕ್ಕ. ಆದ್ರೆ ನಿನ್ನೆ ಕೇಳೋಕೆ ಅಂತಲೇ ರಜಾ ಹಾಕಿದ್ದೆ."

"ಅದನ್ನ ಅವಳಿಗೆ ಹೇಳಪ್ಪ."

"ಹೇಳಿದೆ. ನಂಬ್ತಾ ಇಲ್ಲ."

ಮುಂದಿನ ವರ್ಷ ಗಂಡನೇ ಚಪ್ಪರಕ್ಕೆ ಕರೆದರು. ಆಕೆ, "ಗಂಟಲು ಸರಿಯಿಲ್ಲ" ಎಂದು ಒಲೆಯ ಕಡೆ ತಿರುಗಿದರು.