ಕುಂಕುಮ ಹಚ್ಚಿಕೊಂಡು ಪರದೇಶಕ್ಕೆ ಹೋದ ಮಾಲು

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಭೋಸರಿಯ ಕಾರ್ಖಾನೆಯೊಂದರಲ್ಲಿ ಉಕ್ಕು ಕಡೆಯುವ ಲೇಥ್ ಮುಂದೆ ನಿಂತು ಕಸುಬು ಕಲಿತೆ. ನನ್ನ ಕೈಯಿಂದ ಹೋದ ಉಕ್ಕಿನ ಪಿನ್ನನ್ನು ಯಾರೂ ವಾಪಸು ಕಳಿಸಿದ್ದಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪನಿಗೆ ಜ್ಞಾನೋದಯವಾಯಿತು: ಮಾಲು ತಯಾರಿಸುವುದು ಕಾರ್ಖಾನೆಯ ಕೆಲಸವಲ್ಲ. ಮೊದಲು ಕ್ಯಾಂಟೀನು ಹೊರಗಿನವರಿಗೆ ಹೋಯಿತು, ಆಮೇಲೆ ಕಸ ಗುಡಿಸುವುದು, ಆಮೇಲೆ ನಾನು. ಕೆಲಸ ಬಿಡಿಸಿ, ನನಗೆ ಬರಬೇಕಿದ್ದ ಹಿಸಾಬಿನ ಹಣದಲ್ಲಿ ಮುರಿದುಕೊಂಡು ನನ್ನದೇ ಹಳೆಯ ಲೇಥನ್ನು ನನಗೇ ಮಾರಿದರು. ಎದುರಿನ ಓಣಿಯಲ್ಲಿ ಶೆಡ್ ಹಿಡಿದೆ. ಅದೇ ಮಷೀನು, ಅದೇ ಪಿನ್ನು, ಅದೇ ನಾನು. ಆದರೆ ಈಗ ಮಾಲಕ. ಕಂಪನಿ ನನ್ನ ಪಿನ್ನನ್ನು ಪರದೇಶದ ಕಾರ್ಖಾನೆಗೆ ಮಾರುತ್ತಿತ್ತು. ನನಗೆ ಬೇರೆ ಗಿರಾಕಿ ಇರಲಿಲ್ಲ. ಆ ಆರ್ಡರ್ ತಪ್ಪಿದರೆ ಶೆಡ್ಡಿಗೂ ಬೀಗ, ಮಾಲಕತನಕ್ಕೂ ಬೀಗ.

ಕಾರ್ಮಿಕರಾಗಿದ್ದಾಗ ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಮಷೀನು ಬಂದ್ ಇರಬೇಕೆಂದು ಗೇಟಿನ ಮುಂದೆ ಕೂಗಾಡಿ ಪಗಾರ ಸಮೇತ ರಜೆ ಪಡೆದಿದ್ದೆವು. ಮಾಲಕನಾದ ಮೊದಲ ಖಂಡೇನವಮಿಯ ಬೆಳಿಗ್ಗೆ ಕಂಪನಿಯ ಖರೀದಿ ಸಾಹೇಬರ ಫೋನು ಬಂತು. ಬೆಳಗಾವಿ ಕಡೆಯವರು. ಮೊದಲು ‘ಏ’ ಎನ್ನುತ್ತಿದ್ದವರು ಈಗ ‘ಮಾಲಕರಽ’ ಎನ್ನುತ್ತಿದ್ದರು. ದನಿ ಮಾತ್ರ ಹಳೆಯದೇ.

“ಮಾಲಕರಽ, ಸಂಜಿಗೆ ಲಾರಿ ಹೊಂಡತದ. ಮಷೀನ್ ನಿಂದರಸಬ್ಯಾಡ್ರಿ.”

“ಇವತ್ತ ಪೂಜಾ ಅದರಿ, ಸಾಹೇಬ್ರ.”

“ಮಾಲಕರು ನೀವಽ ಇದ್ದೀರಿ. ರಜಾ ಯಾರ ಕಡೆ ಕೇಳತೀರಿ?”

ಪೂಜೆಯ ತಾಟು ಹಿಡಿದು ನಿಂತಿದ್ದ ಹೆಂಡತಿಗೆ ನಗು. “ಮಾಲಕರ ಎದುರು ಘೋಷಣಾ ಕೂಗ್ರಲಾ ಈಗ! ಮುಂದ ಕನ್ನಡಿ ತಂದ ಇಡ್ಲೇನು?”

ಸ್ವಲ್ಪ ಹೊತ್ತು ಮಷೀನು ನಿಲ್ಲಿಸಿ ಪೂಜೆ ಮುಗಿಸಿದೆವು. ಅವಳು ಲೇಥಿಗೆ, ನಟ್ಟು ಬಿಗಿಯುವ ಪಾನಾಗಳಿಗೆ ಕುಂಕುಮ ಹಚ್ಚಿ, ತಯಾರಾದ ಪಿನ್ನುಗಳಿಗೂ ಒಂದೊಂದಾಗಿ ಹಚ್ಚತೊಡಗಿದಳು.

“ಇವಕ್ಯಾಕ?”

“ಅನ್ನ ಹಾಕೂವು ಇವಽ ಅಲ್ರಿ?”

ಪೂಜೆಯ ಕುಂಕುಮವನ್ನು ಅದೇ ದಿನ ಒರೆಸುವ ರೂಢಿ ನಮ್ಮಲ್ಲಿಲ್ಲ. ಮೇಲೆ ಎಣ್ಣೆ ಸವರಿ, ಹಾಗೆಯೇ ಪ್ಯಾಕ್ ಮಾಡಿ ಲಾರಿಗೆ ಹಾಕಿದೆ.

ಸಮುದ್ರ ದಾಟುವಷ್ಟರಲ್ಲಿ ಕುಂಕುಮ ಎಣ್ಣೆಯಲ್ಲಿ ಕಲೆತು ಹರಡಿತ್ತು. ಸಾಹೇಬರು ಅಲ್ಲಿಂದ ಬಂದ ಫೋಟೋ ಹಿಡಿದುಕೊಂಡು ಶೆಡ್ಡಿಗೇ ಬಂದರು.

“ತುಕ್ಕ ಹಿಡದದ ಅಂತ ಬರದಾರ. ತಪ್ಪಾತು ಅನ್ರಿ. ಇಲ್ಲಾಂದ್ರ ಆರ್ಡರ್ ಚೀನಾಕ್ಕ ಹೋಗತದ.”

ನನ್ನ ಪಿನ್ನಿಗೆ ತುಕ್ಕೇ? “ಆರ್ಡರ್ ಹೋದ್ರ ಹೋಗವಲ್ದು. ಅದು ಕುಂಕುಮ. ಅರಿವಿ-ಬಟ್ಟೀಲೆ ಒರಸಿ ನೋಡ್ರಿ ಅಂತ ಬರೀರಿ ಅವರಿಗೆ.”

“ದೊಡ್ಡ ಕಂಪನಿಯವರಿಗೆ ಒರಸ್ರಿ ಅಂತ ಹೆಂಗ ಹೇಳೂದ್ರಿ!” ಎಂದು ತಲೆ ಚಚ್ಚಿಕೊಂಡರೂ ಬರೆದರು. ಉತ್ತರ ಬರುವವರೆಗೆ ಮಷೀನು ಖಾಲಿ ನಿಂತಿತ್ತು. ನಾನು ದಿನವೂ ಹೋಗಿ, ಒರೆಸಿದ್ದನ್ನೇ ಒರೆಸಿ ಬರುತ್ತಿದ್ದೆ.

ಕಡೆಗೆ ಸಾಹೇಬರ ಫೋನು ಬಂತು. ಪರದೇಶದವರು ಒರೆಸಿ ನೋಡಿದ್ದರು. ಮಾಲು ಪಾಸು, ಆರ್ಡರ್ ಉಳಿಯಿತು. ಆದರೆ ಒಂದು ಷರತ್ತು: ಮಷೀನಿಗೆ ಬಣ್ಣದ ಪುಡಿ ಹಚ್ಚುವ ದಿನ ಕೆಲಸ ಪೂರ್ತಿ ಬಂದ್ ಇರಬೇಕು; ಮರುದಿನ ತೊಳೆದು ಶುರು ಮಾಡಬೇಕು.

ನಾವು ಗಂಟಲು ಹರಿದುಕೊಂಡು ಗಳಿಸಿದ್ದ ರಜೆ, ನವಮಿ ಎಂದರೇನೆಂದು ತಿಳಿಯದವರ ಅಪ್ಪಣೆಯಾಗಿ ವಾಪಸು ಬಂದಿತ್ತು. ಮನೆಗೆ ಹೋಗಿ ಎದೆಯುಬ್ಬಿಸಿ ಹೇಳಿದೆ.

“ಭಾಳ ಚಲೋ ಆತು,” ಎಂದಳು ಹೆಂಡತಿ. “ಆ ದಿನದ ಪಗಾರ ಯಾರ ಕೊಡತಾರ?”

“ಮಾಲಕರನ್ನ ಕೇಳಬೇಕು.”

ಅವಳು ಒಳಗೆ ಹೋಗಿ ಕನ್ನಡಿ ತಂದಳು.